ಗಂಗಾಲಕ್ಷ್ಮಮ್ಮನ ಕೆಂಪು ನೀರು

ಕ್ಯಾಲನೂರಿನಲ್ಲಿ ಯಾರ ಮನೆಗೆ ಸೊಸೆ ಬಂದರೂ ಆರತಿ ಗಂಗಾಲಕ್ಷ್ಮಮ್ಮನವರದೇ. ಅರಿಸಿನದ ನೀರಿಗೆ ತಮ್ಮ ಎಲೆಅಡಿಕೆ ಡಬ್ಬಿಯ ಸುಣ್ಣ ಕಲಸಿ ಕೆಂಪಾಗಿಸುವ ಕೆಲಸವನ್ನು ಬೇರೆ ಯಾರಿಗೂ ಬಿಡರು.

ಮೊನ್ನೆ ಭೀಮರಾಜ್ ಮದುವೆಯಾಗಿ ಹೆಂಡತಿಯೊಂದಿಗೆ ಹೊಸ್ತಿಲಿಗೆ ಬಂದಾಗ, ಅವನು ಹಿಡಿದಿದ್ದ ಚಾಕುವಿನ ತುದಿಯ ನಿಂಬೆಹಣ್ಣು ನೂಕುನುಗ್ಗಲಿನಲ್ಲಿ ಹಿಸುಕಿಹೋಗಿ ರಸ ಆರತಿ ತಟ್ಟೆಗೆ ಬಿತ್ತು. ಕೆಂಪು ನೀರು ಹಳದಿಯಾಯಿತು. "ಅಪಶಕುನ!" ಎಂದು ಯಾರೋ ಪಿಸುಗುಟ್ಟಿದರು. ಮದುಮಗಳು ಭವ್ಯ ಬಿಳಿಚಿಕೊಂಡಳು.

"ಬಾಯ್ಮುಚ್ಕೊಳ್ರೇ! ಮಜ್ಜಿಗೆ ಬಿದ್ರೂ, ಹುಣಸೆ ರಸ ಬಿದ್ರೂ ಹಿಂಗೇ. ಹುಳಿ ತಾಕಿದ್ರೆ ಈ ನೀರು ಹಳದಿಯಾಗುತ್ತೆ, ಅಷ್ಟೇ," ಎಂದು ಗದರಿದ ಗಂಗಾಲಕ್ಷ್ಮಮ್ಮ ಇನ್ನಷ್ಟು ಸುಣ್ಣ ಕಲಸಿದರು. ನೀರು ಮತ್ತೆ ಕೆಂಪೇರಿತು.

ಭವ್ಯಳ ಮುಖವೂ ಅರಳಿತು. ಗಂಡನ ಕೈಯಿಂದ ಚಾಕು ಕಿತ್ತುಕೊಂಡು, "ಇನ್ನೊಂದ್ಸಲ ಹಿಂಡ್ಲಾ ಅಜ್ಜಿ?" ಎಂದಳು.

"ಮೊದ್ಲು ಬಲಗಾಲಿಟ್ಟು ಒಳಗ್ ಬಾರೇ! ಅಡಿಗೆಮನೇಲಿ ಇರೋದ್ನೆಲ್ಲಾ ಇದಕ್ಕೆ ಹಾಕಿ ನೋಡೇ ಬಿಡೋಣ."