ರೆಜಿನಾ ಬಾಯಿಯ ಶುಕ್ರವಾರದ ಸೈಕಲ್

ರೆಜಿನಾ ಕೊಲ್ಲಿ ದೇಶದ ಮನಾಮಾ ನಗರದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದಳು. ಊರು ಉಳ್ಳಾಲ, ವಯಸ್ಸು ಮೂವತ್ತೊಂದು, ಕೆಲಸ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವುದು. ಊರಿನ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ದುಡಿದರೂ ಸಿಗದಿದ್ದ ಡ್ರೆಸ್ಸಿಂಗ್ ಕೋಣೆಯ ಪೂರ್ಣ ಜವಾಬ್ದಾರಿ ಇಲ್ಲಿ ಎರಡೇ ವರ್ಷಕ್ಕೆ ಸಿಕ್ಕಿತ್ತು. ಆ ಕೋಣೆಯನ್ನು ಕಳೆದುಕೊಳ್ಳುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ವಾರಕ್ಕೆ ಒಂದೇ ರಜೆ, ಶುಕ್ರವಾರ. ಕ್ರೈಸ್ತರ ಇಗರ್ಜಿಯ ವಾರದ ಪೂಜೆಯೂ ಅಂದೇ. ಪೂಜೆ ಮುಗಿಸಿ ಬೇರೆ ನರ್ಸುಗಳು ಹೂರಾ ಬಡಾವಣೆಯ ಹಾಸ್ಟೆಲ್ಲಿಗೆ ಹೋಗಿ ಬಟ್ಟೆ ಒಗೆದು ಮಲಗುತ್ತಿದ್ದರು. ರೆಜಿನಾ ಮಾತ್ರ ಹಾಸ್ಟೆಲ್ಲಿನ ಹಿಂದಿನ ಗಲ್ಲಿಗೆ, ಮೊಯ್ದುವಿನ ಅಂಗಡಿಗೆ ಹೋಗುತ್ತಿದ್ದಳು. ಮಂಜೇಶ್ವರದ ಮೊಯ್ದು ಊರಿನಂತೆ ಇಲ್ಲೂ ಸೈಕಲ್ಲುಗಳನ್ನು ಗಂಟೆ ಬಾಡಿಗೆಗೆ ಕೊಡುತ್ತಿದ್ದ. ಹನ್ನೊಂದರಲ್ಲಿ ಒಂದು ಮಾತ್ರ ಲೇಡೀಸ್ ಸೈಕಲ್.

"ಅಕ್ಕ, ಇದನ್ನು ಮೂರು ವರ್ಷದಲ್ಲಿ ಯಾರೂ ಕೇಳ್ಲಿಲ್ಲ. ಗುಜರಿಗೆ ಹಾಕುವಾ ಅಂತ ಇದ್ದೆ," ಎಂದಿದ್ದ ಮೊದಲ ದಿನ.

"ಹಾಕ್ಬೇಡ ಮಾರಾಯ. ಬ್ರೇಕ್ ಸರಿ ಮಾಡು."

ಇದು 1978ರ ಜನವರಿ. ವಾರಕ್ಕೊಂದು ರಸ್ತೆ ಎಂದು ಇಟ್ಟುಕೊಂಡು, ನೋಡಿದ್ದನ್ನು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪೆನ್ಸಿಲಿನಿಂದ ಗೀಚುತ್ತಾ ಅವಳು ಊರು ಸುತ್ತಿದಳು. ದೋಣಿ ಕಟ್ಟುವವರು ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕುವುದನ್ನು ಒಂದು ಗಂಟೆ ನಿಂತು ನೋಡಿದಳು. ಕಾರಿನವರು ಹಾರ್ನ್ ಹೊಡೆದರು, ಮಕ್ಕಳು ಹಿಂದೆ ಓಡಿ ಬಂದರು. ಅವಳು ಸ್ಕರ್ಟನ್ನು ಕಾಲಿನ ಕೆಳಗೆ ಮಡಚಿಕೊಂಡು ಪೆಡಲ್ ತುಳಿಯುತ್ತಲೇ ಇದ್ದಳು.

ಮೇ ಐದರಂದು ಕಡಲಿಗೆ ಅಡ್ಡ ಕಟ್ಟಿದ, ಎರಡೂವರೆ ಕಿಲೋಮೀಟರ್ ಉದ್ದದ ಸಮುದ್ರದ ರಸ್ತೆಯನ್ನು ದಾಟಿ ಮುಹರಕ್ ದ್ವೀಪಕ್ಕೆ ಹೋದಳು. ತಪ್ಪಾದದ್ದು ಅಲ್ಲಿ. ಉಳ್ಳಾಲದವರಿಗೆ ಕಡಲೆಂದರೆ ಪಡುವಣ. ಕಡಲು ಎಡಗಡೆ ಇದ್ದರೆ ಮುಖ ಉತ್ತರಕ್ಕೆ, ಬಲಗಡೆ ಇದ್ದರೆ ದಕ್ಷಿಣಕ್ಕೆ. ಇದನ್ನು ಯಾರೂ ಕಲಿಸಬೇಕಾಗಿಲ್ಲ. ಓಣಿಗಳಲ್ಲಿ ಸುತ್ತಿ ಹೊರಬಂದಾಗ ಎದುರಿಗೆ ಕಡಲು ಕಂಡಿತು. ಮರಳಲು ದಕ್ಷಿಣಕ್ಕೆ ಹೋಗಬೇಕು, ಆದ್ದರಿಂದ ಕಡಲನ್ನು ಬಲಕ್ಕಿಟ್ಟುಕೊಂಡು ತುಳಿದಳು. ಆದರೆ ಅದು ದ್ವೀಪದ ಪೂರ್ವ ದಡ. ತುಳಿದಷ್ಟೂ ಅವಳು ಉತ್ತರಕ್ಕೆ ಹೋಗುತ್ತಿದ್ದಳು. ಸೂರ್ಯ ನೆತ್ತಿಯ ಮೇಲಿದ್ದ, ದಿಕ್ಕು ಹೇಳಲಿಲ್ಲ. ನಮಾಜಿನ ಹೊತ್ತಾದ್ದರಿಂದ ಕೇಳೋಣವೆಂದರೆ ದಾರಿಯಲ್ಲಿ ಜನರಿರಲಿಲ್ಲ.

ಸಮಾಹೀಜ್ ಹಳ್ಳಿಯ ಖರ್ಜೂರದ ತೋಟವೊಂದರ ಬಳಿ ಝುಲೈಖಾ ಎಂಬ ಮುದುಕಿ ಅವಳನ್ನು ನೋಡಿ, ಒಳಗೆ ಕೂರಿಸಿ ನೀರು ಕೊಟ್ಟಳು. ನಮಾಜು ಮುಗಿಸಿ ಬಂದ ಗಂಡ ಅಬ್ದುಲ್ ಲತೀಫ್ ಸೈಕಲ್ಲನ್ನು ಪಿಕಪ್ಪಿಗೆ ಎತ್ತಿ ಹಾಕಿದ. ಮುದುಕಿ ಇಬ್ಬರ ನಡುವೆ ಕೂತಳು. ಮೂವರೂ ಹಾಸ್ಟೆಲ್ಲಿನ ಗೇಟಿಗೆ ಬಂದರು. ಕಿಟಕಿಯಿಂದ ನೋಡಿದವರು ಸುದ್ದಿ ಹೇಳುವಾಗ ಝುಲೈಖಾಳನ್ನು ಬಿಟ್ಟುಬಿಟ್ಟರು.

ಸುದ್ದಿ ಸಿಲ್ವೆಸ್ಟರ್‌ಗೆ ಮುಟ್ಟಿತು. ಕ್ಲಿನಿಕ್ಕಿನ ಆಡಳಿತ ನೋಡುತ್ತಿದ್ದವರು ಅವರೇ. ಮಂಗಳೂರಿನವರು, ರೆಜಿನಾಳಿಗೆ ವೀಸಾ ಮಾಡಿಸಿದವರು. ಊರಿನ ಕೊಂಕಣಿ ರೂಢಿಯಂತೆ ಅವರು ಅವಳನ್ನು ಮರ್ಯಾದೆಯಿಂದ 'ಬಾಯಿ' ಎಂದೂ ಅವಳು ಅವರನ್ನು 'ಬಾಬ್' ಎಂದೂ ಕರೆಯುತ್ತಿದ್ದರು. ಜೂನ್ ಮೂವತ್ತಕ್ಕೆ ಮುಗಿಯುವ ಅವಳ ಕೆಲಸದ ಕರಾರು ಮುಂದುವರಿಯಲು ಅವರ ಸಹಿ ಬೇಕಿತ್ತು.

"ಎಂತ ಬಾಯಿ ಇದು? ನಮ್ಮ ಹುಡುಗಿಯರ ಮರ್ಯಾದಿ ಉಳೀಬೇಕಲ್ವಾ?"

"ಗಾಡಿಯಲ್ಲಿ ಅವರ ಹೆಂಡತಿ ಇದ್ರು, ಬಾಬ್."

"ಇರ್ಲಿ. ಜನ ಹೇಳುದು ಹಾಗಲ್ಲ."

"ಜನ ಅರ್ಧ ನೋಡಿದ್ರೆ ನಾನೆಂತ ಮಾಡ್ಲಿ? ಕನ್ನಡಕ ಕೊಡಿಸ್ಲಾ?"

ಇನ್ನು ಸೈಕಲ್ ಹತ್ತುವುದಿಲ್ಲ ಎಂದು ಬರೆದುಕೊಡಲು ಸಿಲ್ವೆಸ್ಟರ್ ಬಿಳಿ ಹಾಳೆ ಮುಂದಿಟ್ಟರು. ರೆಜಿನಾ ಬರೆದಳು, ರೋಗಿಯ ಚಾರ್ಟ್ ಬರೆಯುವ ಹಾಗೆ: ಹೊರಟ ಹೊತ್ತು, ದಾರಿ ತಪ್ಪಿದ ಜಾಗ, ತಪ್ಪಿದ ಕಾರಣ, ನೀರು ಕೊಟ್ಟವರ ಹೆಸರು, ಗಾಡಿಯಲ್ಲಿ ಯಾರು ಎಲ್ಲಿ ಕೂತಿದ್ದರು. ಕೊನೆಗೆ, 'ಮುಂದಿನ ಶುಕ್ರವಾರವೂ ಹೋಗುತ್ತೇನೆ.' ಕೆಳಗೆ ಸಹಿ, ತಾರೀಕು.

ಹೇಳಿದಂತೆ ಹೋದಳು. ಮೇ ಕಳೆಯಿತು, ಜೂನ್ ಬಂತು. ಅವಳ ಕರಾರಿನ ಕಾಗದ ಸಿಲ್ವೆಸ್ಟರ್‌ರ ಮೇಜಿನ ಮೇಲೆಯೇ ಇತ್ತು.

ಜೂನ್ ಇಪ್ಪತ್ತೆಂಟರಂದು ಅವರು ಮತ್ತೆ ಕರೆದರು. ಅವರಿಗೂ ಒಳ್ಳೆಯ ನರ್ಸನ್ನು ಬಿಡುವ ಮನಸ್ಸಿರಲಿಲ್ಲ. ಸ್ವರ ತಗ್ಗಿಸಿದರು.

"ನೋಡಿ ಬಾಯಿ, ಒಂದು ದಾರಿ ಉಂಟು. ಸೈಕಲ್ಲಿಗೆ ಕ್ಲಿನಿಕ್ಕಿನ ಬೋರ್ಡು ಕಟ್ಟುವಾ. ಶುಕ್ರವಾರ ನಾಲ್ಕು ಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡಿ ಬನ್ನಿ. ಡ್ಯೂಟಿ ಅಂದ್ರೆ ಯಾರೂ ಬಾಯಿ ತೆಗೆಯುದಿಲ್ಲ. ಈಗ್ಲೇ ಸಹಿ ಹಾಕ್ತೇನೆ."

ರೆಜಿನಾ ತೆರೆದ ಬಾಗಿಲಿನಾಚೆ ನೋಡಿದಳು. ಪಕ್ಕದಲ್ಲೇ ಅವಳ ಡ್ರೆಸ್ಸಿಂಗ್ ಕೋಣೆ. ಕತ್ತರಿ, ಚಿಮಟಗಳು ಅವಳು ಇಟ್ಟ ಕ್ರಮದಲ್ಲೇ ಇದ್ದವು.

"ಡ್ಯೂಟಿಗೆ ಆದ್ರೆ ಕಾರು ಕೊಡಿ, ಬೇರೆ ದಿನ ಎಷ್ಟು ಮನೆಗೆ ಬೇಕಾದ್ರೂ ಹೋಗ್ತೇನೆ. ಸೈಕಲ್ ನಾನು ಊರು ನೋಡ್ಲಿಕ್ಕೆ ತಕೊಳ್ಳುದು. ಅದಕ್ಕೆ ಬೇರೆ ಹೆಸರು ಇಡುದಿಲ್ಲ."

"ಮತ್ತೆ ನನ್ನನ್ನು ದೂರ್ಬೇಡಿ. ಊರಿಗೆ ಟಿಕೆಟ್ ಮಾಡಿಸ್ತೇನೆ."

"ಯಾವ ದಿನಕ್ಕೆ?"

"ಶನಿವಾರ."

"ಹಾಗಾದ್ರೆ ಇನ್ನೊಂದು ಶುಕ್ರವಾರ ಉಂಟು," ಎಂದಳು ರೆಜಿನಾ. "ಮುಹರಕ್‌ನಲ್ಲಿ ಹಿದ್ದ್ ಕಡೆ ಇನ್ನೂ ನೋಡಿ ಆಗ್ಲಿಲ್ಲ."

ಮೂವತ್ತರಂದು ಪೂಜೆ ಮುಗಿದು ಅರ್ಧ ಗಂಟೆಗೆ ಅವಳು ಸಮುದ್ರದ ರಸ್ತೆಯ ಮೇಲಿದ್ದಳು. ಎಡಗಡೆಯಿಂದ ಮರಳುಗಾಳಿ ಬೀಸುತ್ತಿತ್ತು. ತಲೆಯ ವಸ್ತ್ರವನ್ನು ಬಿಗಿದು ಕಟ್ಟಿಕೊಂಡು, ಹ್ಯಾಂಡಲ್ಲನ್ನು ಗಾಳಿಯ ಕಡೆಗೆ ತುಸು ವಾಲಿಸಿ, ರೆಜಿನಾ ಒಂದೇ ವೇಗದಲ್ಲಿ ತುಳಿಯುತ್ತಾ ಹೋದಳು.