ಮಾವ ಹಾಕಿಕೊಳ್ಳದ ಬೂಟು

ಸೋದರಮಾವನ ಜೊತೆ ಕೈಲಾಸಕ್ಕೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಐವತ್ತರ ದಶಕದಲ್ಲಿ ಬಸ್ಸಿಳಿದ ಮೇಲೆ ವಾರಗಟ್ಟಲೆ ನಡೆಯಬೇಕಿತ್ತು. ಮಾವ ನಮ್ಮೂರು ಹರವೆಯಿಂದಲೇ ಬರಿಗಾಲಲ್ಲಿ ಹೊರಟಿದ್ದ. ನಮ್ಮ ಕಡೆ ಹರಕೆ ಹೊತ್ತವರು ಮಾದಪ್ಪನ ಬೆಟ್ಟಕ್ಕೆ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಕೈಲಾಸಕ್ಕೂ ಅದೇ ಪದ್ಧತಿ ಅಂತ ಅವನ ಹಟ. ಹಿಮಾಲಯದ ಬುಡದ ಪೇಟೆಯಲ್ಲಿ ನಾನು ಇಬ್ಬರಿಗೂ ಬೂಟು ಕೊಂಡೆ. ಅವನದನ್ನೂ ನಾನೇ ಹೊತ್ತೆ.

ಟಿಬೆಟ್ಟಿಗೆ ದಾಟುವ ಘಾಟಿಯಲ್ಲಿ ಮಂಡಿಯುದ್ದ ಹಿಮವಿತ್ತು. "ಮಾವ, ಈಗಲಾದ್ರೂ ಹಾಕ್ಕೊ" ಅಂತ ಗೋಗರೆದೆ.

"ಮಾದಪ್ಪನ ಎಪ್ಪತ್ತೇಳು ಮಲೆ ತುಳಿದ ಕಾಲು ಕಣ್ಲಾ ಇದು. ಸುಮ್ಕೆ ನಡಿ" ಅಂದ.

ಘಾಟಿಯ ನೆತ್ತಿ ಮುಟ್ಟುವಷ್ಟರಲ್ಲಿ ಅವನ ಬೆರಳುಗಳು ಇದ್ದಲಿನ ಹಾಗೆ ಕಪ್ಪಾಗಿದ್ದವು. ಕೈಲಾಸವನ್ನು ನಾವಿಬ್ಬರೂ ಕಾಣಲೇ ಇಲ್ಲ. ಅವನನ್ನು ಬೆನ್ನ ಮೇಲೆ ಹೊತ್ತು ಬಂದ ದಾರಿಯಲ್ಲೇ ಇಳಿದೆ. ಅವನ ಬೂಟು ನನ್ನ ಕೊರಳಲ್ಲಿ ನೇತಾಡುತ್ತಿತ್ತು. ಆಸ್ಪತ್ರೆಯಲ್ಲಿ ಎರಡೂ ಕಾಲಿನ ಬೆರಳು ಕತ್ತರಿಸಿದರು.

ಊರಿಗೆ ಬಂದರೆ ಜನ ಆ ಮೊಂಡುಪಾದಕ್ಕೆ ನೀರೆರೆದು, ಹೂವಿಟ್ಟು ಅಡ್ಡಬಿದ್ದರು. ಬೆರಳನ್ನು ಶಿವನೇ ತೆಗೆದುಕೊಂಡನಂತೆ! ಮಾವ ಕಾಲು ಚಾಚಿ ಕೂತಿದ್ದ. ನನ್ನ ಬೆನ್ನು ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ.

ಮಾರನೆಯ ವರ್ಷ ಅವನ ತಮ್ಮ ಕೈಲಾಸಕ್ಕೆ ಗಂಟು ಕಟ್ಟಿದ. ಅವನೂ ಬರಿಗಾಲಲ್ಲೇ ಹೊರಟಿದ್ದ. ಮಾವ ಹಾಕಿಕೊಳ್ಳದ ಬೂಟನ್ನು ತಂದು ಅವನ ಮುಂದೆ ಕುಕ್ಕಿದೆ.

"ಬೂಟು ಹಾಕ್ಕೊಂಡು ಓಗಿ ನಿಂಗೇನ್ಲಾ ಸಿಕ್ತು?" ಅಂದ.

"ಹತ್ತು ಬೆರಳು" ಅಂದೆ.

ಜಗುಲಿಯ ಮೇಲಿದ್ದವರೆಲ್ಲ ನಕ್ಕರು. ಮಾವನೂ ನಕ್ಕ.