ಅಕ್ಕನಿಗೆ ಮಾಡಿಕೊಟ್ಟ ಮಡಚುವ ಚಾಕು

ಚನ್ನಪಟ್ಟಣದಲ್ಲಿ ಮೂವತ್ತು ವರ್ಷ ಮರ ಕಡೆದಿದ್ದೇನೆ. ಬುಗುರಿ, ಗಿಲಕಿ, ಕುಂಕುಮದ ಭರಣಿ, ಮಕ್ಕಳ ಅಡುಗೆ ಸಾಮಾನು, ಎಲ್ಲವೂ ಈ ಕೈಯಿಂದ ಬಂದಿವೆ. ಕಬ್ಬಿಣದ ಕೆಲಸ ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವೂ ನನ್ನದಲ್ಲ. ಅಕ್ಕ ಒಂದು ಮಡಚುವ ಚಾಕು ಬೇಕು ಎಂದಾಗ "ಅದೇನ್ ಮಹಾ, ನಾನೇ ಮಾಡ್ಕೊಡ್ತೀನಿ" ಎಂದುಬಿಟ್ಟೆ.

ಅಕ್ಕನನ್ನು ಕೊಟ್ಟಿದ್ದು ಕನಕಪುರದ ಕಡೆಯ ಒಂದು ಹಳ್ಳಿಗೆ. ರೇಷ್ಮೆಹುಳು ಸಾಕುವವರ ಊರು. ಮೊಟ್ಟೆಯೊಡೆದು ಆಗತಾನೆ ಬಂದ ಹುಳುಗಳನ್ನು ತಟ್ಟೆಗೆ ಇಳಿಸಿ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಮೊದಲ ಮೇವು ಹಾಕುವುದಕ್ಕೆ ಚಾಕಿ ಕಟ್ಟುವುದು ಎನ್ನುತ್ತಾರೆ. ಆ ಕೆಲಸಕ್ಕೆ ಊರಿನ ಅರ್ಧ ಮನೆಗಳು ಅಕ್ಕನನ್ನೇ ಕರೆಯುತ್ತಿದ್ದವು. ಅವಳ ಕೈಗುಣ ಅಂಥದ್ದು, ಅವಳು ಕಟ್ಟಿದ ಹುಳು ಗೂಡು ಕಟ್ಟದೆ ಬಿಡುವುದಿಲ್ಲ ಎಂದು ಮಾತಿತ್ತು. ಓದು ಬಾರದ, ಒಡವೆ ಇಲ್ಲದ ನನ್ನ ಅಕ್ಕನಿಗೆ ತನ್ನದು ಎನ್ನಲು ಇದ್ದದ್ದು ಆ ಕೈಗುಣ ಒಂದೇ. ಸೊಪ್ಪು ಹೆಚ್ಚುವ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಮನೆಗೆ ಹೋಗುವಾಗ ಒಮ್ಮೆ ಅದು ಸೊಂಟಕ್ಕೇ ತಾಗಿ ಕುಯ್ದಿತ್ತು. ಅದಕ್ಕೇ ಮಡಚುವಂಥದ್ದು ಬೇಕಾಗಿತ್ತು.

ಕಬ್ಬಿಣ ಕೊಯ್ಯುವ ಯಂತ್ರದ ಮುರಿದ ಗರಗಸದಿಂದ ಅಲಗು ಮಾಡಲು ಹೊರಟೆ. ಸಾಣೆಗೆ ಒತ್ತಿ ಹಿಡಿದೆ. ನೀರಿಗೆ ಅದ್ದುತ್ತಾ ಉಜ್ಜಬೇಕೆಂದು ಯಾರು ಹೇಳಬೇಕು? ಅಲಗು ಕಾದು ನೀಲಿಯಾಗಿ, ಹದ ಕೆಟ್ಟು, ಟೊಮೆಟೊ ಹಣ್ಣು ಸಹ ಕುಯ್ಯದಂತಾಯಿತು. ಎರಡನೆಯದೂ ಹಾಗೇ ಹೋಯಿತು. ಮೂರನೆಯದು ನಿಂತಿತು. ಹಿಡಿಗೆ ಹಾಲೆ ಮರದ ತುಂಡು ಕಡೆದು, ಕೆಂಪು ಅರಗು ಹತ್ತಿಸಿ, ತಾಳೆಗರಿಯಲ್ಲಿ ಹೊಳಪು ಕೊಟ್ಟೆ. ಅಲ್ಲಿಯವರೆಗೆ ನಾನು ಅರಸ. ಹಿಡಿಯಲ್ಲಿ ಅಲಗು ಮಲಗುವ ಸೀಳು ಕೊಯ್ಯಲು ಕೂತಾಗ ಅರಸುತನ ಮುಗಿಯಿತು. ಅಲಗಿನ ಬಾಯಿ ತಳಕ್ಕೆ ತಾಗಿ ಮೊಂಡಾದರೆ ಎಂಬ ಭಯಕ್ಕೆ ಬೇಕಾದ್ದಕ್ಕಿಂತ ಅರ್ಧ ಬೆರಳು ಹೆಚ್ಚೇ ಆಳ ಮಾಡಿದೆ. ಹಿತ್ತಾಳೆ ಮೊಳೆ ಹೊಡೆದು ಕೂಡಿಸಿದರೆ ಬಿಗಿಯಾಗಿ ತೆರೆಯಲೇ ಇಲ್ಲ. ಮೊಳೆ ಕಿತ್ತು ಮತ್ತೆ ಹೊಡೆದೆ. ಕೊನೆಗೆ ಟಕ್ ಎಂದು ತೆರೆದು, ಟಕ್ ಎಂದು ಮುಚ್ಚಿತು.

ಅವತ್ತೇ ಬಸ್ಸು ಹತ್ತಿ ಕೊಟ್ಟು ಬಂದಿದ್ದರೆ ಇಷ್ಟು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಮೊದಲ ಸಲ ಮಾಡಿದ ವಸ್ತು ನೋಡಿ, ನಾಲ್ಕು ಜನಕ್ಕೆ ತೋರಿಸದಿದ್ದರೆ ತಿಂದ ಅನ್ನ ಅರಗುವುದಿಲ್ಲ. ಎಂಟು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಟೀ ಅಂಗಡಿಯ ಮುಂದೆ ಟಕ್ ಎನಿಸಿ, ನನ್ನ ಎಲೆಅಡಿಕೆಗೆ ಹೊಗೆಸೊಪ್ಪು ಕತ್ತರಿಸಿಕೊಂಡೆ. ಜೊತೆಗಾರರಿಗೂ ಕತ್ತರಿಸಿಕೊಟ್ಟೆ. ಕೊಡುವ ದಿನ ಅಲಗನ್ನು ಸೋಪು ಹಾಕಿ ಫಳಫಳ ತೊಳೆದೆ. ಸೀಳಿನ ಒಳಗೆ ನೋಡಲಿಲ್ಲ.

ಅಕ್ಕನಿಗೆ ಕೊಡಲು ಹೋದರೆ ಕೈ ಹಿಂದಕ್ಕೆಳೆದುಕೊಂಡಳು. "ಕೈಗೆ ಕೊಡ್ಬ್ಯಾಡ ಕಣ್ಲಾ, ಅಕ್ಕತಮ್ಮಂಗೆ ಜಗಳ ಬತ್ತದೆ. ಕೆಳಗಿಡು." ನೆಲದ ಮೇಲಿಟ್ಟೆ. ಎತ್ತಿಕೊಂಡು ತೆರೆದು ಮುಚ್ಚಿ, "ಗೊಂಬೆ ಇದ್ದಂಗೈತೆ" ಎಂದು ನಕ್ಕಳು.

ಮುಂದಿನ ವಾರ ಅವಳ ಓರಗಿತ್ತಿಯ ಮನೆಯಲ್ಲಿ ಆ ಹೊಸ ಚಾಕುವಿನಲ್ಲೇ ಸೊಪ್ಪು ಹೆಚ್ಚಿ ಚಾಕಿ ಕಟ್ಟಿದಳು. ಎರಡೇ ದಿನಕ್ಕೆ ಹುಳುಗಳು ತಲೆ ಎತ್ತಿ ಓಲಾಡಿ, ಹಸಿರು ನೀರು ಕಕ್ಕಿ, ತಟ್ಟೆ ತಟ್ಟೆಯೇ ಸತ್ತವು. ಸುದ್ದಿ ಕೇಳಿ ಹೋದೆ. ಓರಗಿತ್ತಿ ಬೈಯಲಿಲ್ಲ. "ಯಾಕೋ ಈ ಸಲ ಅಕ್ಕನ್ ಕೈ ಒಗ್ಗಲಿಲ್ಲ" ಎಂದಳು, ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, ಹೊಗೆಸೊಪ್ಪು ಸೋಕಿದರೂ ಹುಳು ಹೀಗೇ ಸಾಯುತ್ತವೆ, ಮನೆಯಲ್ಲಿ ಯಾರಾದರೂ ಹಾಕುತ್ತಾರಾ ಎಂದು ಕೇಳಿದರು. ಆ ಮನೆಯಲ್ಲಿ ಯಾರೂ ಹಾಕುತ್ತಿರಲಿಲ್ಲ. ಹೊಗೆಸೊಪ್ಪು ಜಗಿಯುವವರನ್ನು ಅಕ್ಕ ಹುಳದ ಮನೆಯ ಬಾಗಿಲಿಗೂ ಬಿಡುತ್ತಿರಲಿಲ್ಲ.

ನಾನು ಅಲ್ಲಿ ನಿಲ್ಲಲಿಲ್ಲ. ಅಕ್ಕನ ಮನೆಗೆ ಹೋಗಿ ಗೋಡೆಯ ಗೂಡಿನಲ್ಲಿದ್ದ ಚಾಕು ತೆರೆದು, ತೆಂಗಿನ ಗರಿಯ ಕಡ್ಡಿಯಿಂದ ಸೀಳಿನ ತಳ ಕೆದಕಿದೆ. ಕಂದು ಬಣ್ಣದ ಪುಡಿ ಅಂಗೈಗೆ ಬಿತ್ತು. ಮೂಸಿ ನೋಡುವ ಅಗತ್ಯವಿರಲಿಲ್ಲ. ಆದರೂ ಮೂಸಿದೆ. ನಲ್ಲಿಯ ಕೆಳಗೆ ಹಿಡಿದು ಚೊಕ್ಕ ತೊಳೆದು, ಒರೆಸಿ, ಇದ್ದಲ್ಲೇ ಇಟ್ಟೆ.

ಅಕ್ಕ ಅಡುಗೆಮನೆಯಲ್ಲಿ ತನ್ನ ಎರಡು ಕೈಗಳನ್ನೂ ನೋಡಿಕೊಳ್ಳುತ್ತಾ ಕೂತಿದ್ದಳು. "ನನ್ ಕೈಗುಣ ಹೊಂಟೋಯ್ತು ಕಣ್ಲಾ" ಎಂದಳು. ನಾನು ಹೇಳಬೇಕಾಗಿದ್ದದ್ದು ಆಗಲೇ. "ಬುಡಕ್ಕಾ, ಎಲ್ರಿಗೂ ಒಂದೊಂದ್ ಸಲ ಹಿಂಗಾಯ್ತದೆ" ಎಂದೆ. ಹೇಡಿ ನಾನು. ಊಟ ಮಾಡಿಕೊಂಡು ಬಸ್ಸು ಹತ್ತಿದೆ.

ಆಮೇಲೆ ಅವಳು ಯಾರ ಮನೆಯಲ್ಲೂ ಚಾಕಿ ಕಟ್ಟಲಿಲ್ಲ. ಮೊದಮೊದಲು ಕರೆದರು, ಇವಳೇ ಒಲ್ಲೆ ಎಂದಳು. ಆಮೇಲೆ ಕರೆಯುವುದೂ ನಿಂತಿತು. ಮದುವೆಮನೆಯಲ್ಲಿ ಅಕ್ಕಿ ಅಳೆಯಲು ಹೇಳಿದರೂ "ನನ್ ಕೈಯಿಂದ ಬ್ಯಾಡ" ಎಂದು ಹಿಂದೆ ಸರಿಯುತ್ತಿದ್ದಳು. ಹೋದಾಗಲೆಲ್ಲ ಹೇಳಬೇಕು ಎಂದುಕೊಂಡು ಹೋಗುತ್ತಿದ್ದೆ, ಕಾಫಿ ಕುಡಿದು ಬರುತ್ತಿದ್ದೆ. ಹೊಗೆಸೊಪ್ಪು ಬಿಟ್ಟೆ. ಅದರಿಂದ ಅಕ್ಕನಿಗೇನು ಬಂತು? ಈಗ ಊರಿನವರೆಲ್ಲ ಚಾಕಿ ಸೆಂಟರಿನಿಂದಲೇ ಬೆಳೆದ ಹುಳು ತರುತ್ತಾರೆ. ಕೈಗುಣದ ಮಾತನ್ನೇ ಯಾರೂ ಆಡುವುದಿಲ್ಲ.

ಹೋದ ತಿಂಗಳು ಅವಳ ಜಗುಲಿಯ ಮೇಲೆ ಕೂತು, ಈ ಸಲ ಬಿಡಬಾರದು ಎಂದು ಹಲ್ಲು ಕಚ್ಚಿ ಎಲ್ಲ ಹೇಳಿದೆ. ಟೀ ಅಂಗಡಿ, ಹೊಗೆಸೊಪ್ಪು, ಸೀಳಿನ ಪುಡಿ, ನಲ್ಲಿಯಲ್ಲಿ ತೊಳೆದದ್ದು, ಒಂದನ್ನೂ ಬಿಡಲಿಲ್ಲ. ಅಕ್ಕ ಕೇಳಿಸಿಕೊಂಡಳು. ಆಮೇಲೆ ನನ್ನ ತಲೆ ಸವರಿದಳು.

"ನಂಗೆ ಸಮಾಧಾನ ಆಗ್ಲಿ ಅಂತ ಎಷ್ಟ್ ಚೆಂದ ಕಥೆ ಕಟ್ಟಿದ್ದೀಯಲ್ಲಾ!"

"ಕಥೆಯಲ್ಲ ಕಣಕ್ಕಾ, ನಿಜ."

"ಸುಮ್ಕಿರು. ನಿಜ ಆಗಿದ್ರೆ ಅವತ್ತೇ ಹೇಳ್ಬುಡ್ತಿದ್ದೆ ನೀನು. ನಾನು ಇಷ್ಟ್ ವರ್ಸ ಕೊರಗೋದ ನೋಡ್ಕಂಡು ಸುಮ್ಕಿರೋಕೆ ನನ್ ತಮ್ಮ ಅಂಥೋನಲ್ಲ."

ಅವಳು ಎದ್ದು ಒಳಗೆ ಹೋಗಿ ಎರಡು ಸೀಬೆಹಣ್ಣು, ಜೊತೆಗೆ ಅದೇ ಚಾಕು ತಂದಳು. ಹಿಡಿಯ ಕೆಂಪು ಅಲ್ಲಲ್ಲಿ ಹೋಗಿ ಬಿಳಿ ಮರ ಕಾಣುತ್ತಿತ್ತು. "ಒಸಿ ಹೆಚ್ಚಿ ಕೊಡು, ನನ್ ಹಲ್ಲು ಮೊದಲಿನಂಗಿಲ್ಲ" ಎಂದಳು. ಚಾಕು ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ. ಬಗ್ಗಿ, ನಮ್ಮಿಬ್ಬರಿಗೆ ಜಗಳ ಬಾರದಿರಲೆಂದು, ಅದನ್ನು ನೆಲದ ಮೇಲೆ ಮೆಲ್ಲಗೆ ಇಟ್ಟಳು. ನಾನು ಈ ಸಲ ಬಸ್ಸು ಹತ್ತಿ ಹೋಗಿದ್ದದ್ದೇ ಆ ಜಗಳಕ್ಕಾಗಿ.